ದೀರ್ಘಕಾಲದ ಒತ್ತಡದಿಂದ ಮಿದುಳಿನ ಸಂಕೇತಗಳಲ್ಲಿ ಏನು ಬದಲಾಗುತ್ತದೆ?

ಪ್ರಶ್ನೆ: ತಿಂಗಳುಗಟ್ಟಲೆ ಮುಂದುವರಿದ ಒತ್ತಡವು ಖಿನ್ನತೆಗೆ ದಾರಿ ಮಾಡಿಕೊಡುವಾಗ ನರಕೋಶಗಳ ನಡುವಿನ ಸಂಕೇತಗಳಲ್ಲಿ ಏನಾಗುತ್ತದೆಂದು ತಿಳಿದವರು ವಿವರಿಸುವಿರಾ? ನರಕೋಶಗಳ ನಡುವೆ ಸಂಕೇತ ಒಯ್ಯುವ ರಾಸಾಯನಿಕವಾದ ಸೆರೊಟೋನಿನ್‌ನ ಕೊರತೆಯೆಂಬ ಉತ್ತರವೊಂದೇ ನನಗೆ ಸಾಲದೆನಿಸುತ್ತದೆ.

ಉತ್ತರ 1: ತಮ್ಮ ಅನುಮಾನ ಸರಿಯಾದುದೇ. ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಏರಿದಾಗ ಅದನ್ನು ತಗ್ಗಿಸಲು ನೆರವಾಗುವ, ನೆನಪಿಗೆ ಮುಖ್ಯವಾದ ಮಿದುಳಿನ ಭಾಗ ಹಿಪೊಕ್ಯಾಂಪಸ್ಸೇ ದೀರ್ಘ ಒತ್ತಡದಲ್ಲಿ ಸೊರಗುವುದರಿಂದ, ಕಡಿವಾಣ ಸಡಿಲಗೊಂಡು ಹಾರ್ಮೋನು ಮತ್ತಷ್ಟು ಏರಬಹುದು.

ಉತ್ತರ 2: ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ (ಎನ್‌ಸಿಬಿಎಸ್) ಸಂಶೋಧಕರ 2002ರ ಅಧ್ಯಯನವನ್ನೂ ಗಮನಿಸಬೇಕು. ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿದಾಗ ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದವು. ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಮಾತ್ರ ಅವು ಬೆಳೆದವು. ಮುಂದಿನ ಪ್ರಯೋಗದಲ್ಲಿ, 21 ದಿನಗಳ ವಿಶ್ರಾಂತಿಯ ಬಳಿಕವೂ ಅಮಿಗ್ಡಲದ ಈ ಬೆಳವಣಿಗೆ ಇಳಿಯಲಿಲ್ಲ, ಇದೇ ನನಗೆ ಹೆಚ್ಚು ಕಳವಳಕಾರಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಇಲಿಗಳ ಫಲಿತಾಂಶವನ್ನು ಮನುಷ್ಯರಿಗೆ ಎಷ್ಟರಮಟ್ಟಿಗೆ ಅನ್ವಯಿಸಬಹುದು?