‘ನೋವು ನಿವಾರಣೆ’ಯೋ, ‘ನೋವು ಶಮನ’ವೋ?

ಬಲ್ಲವರಲ್ಲಿ ಒಂದು ಪ್ರಶ್ನೆ.

ಹೊಟ್ಟೆನೋವಿನಿಂದ ತುರ್ತು ಚಿಕಿತ್ಸೆಗೆ ಬರುವ ಮಕ್ಕಳ ತಂದೆತಾಯಂದಿರಿಗೆ ಒಂದು ಕೈಪತ್ರ ಬರೆಯುತ್ತಿದ್ದೇನೆ. ‘ಅನಾಲ್ಜೀಸಿಯಾ’ಕ್ಕೆ, ಅಂದರೆ ಔಷಧ ಕೊಟ್ಟು ನೋವು ತಗ್ಗಿಸುವುದಕ್ಕೆ, ಯಾವ ಪದ ಬಳಸಲಿ ಎಂಬಲ್ಲಿ ಕೆಲಸ ನಿಂತಿದೆ.

ರೂಢಿಯಲ್ಲಿರುವುದು ‘ನೋವು ನಿವಾರಣೆ’. ಆದರೆ ನಿವಾರಣೆ ಎಂದರೆ ಇಲ್ಲದಂತೆ ಮಾಡುವುದು: ವಿಘ್ನ ನಿವಾರಣೆ, ದೋಷ ನಿವಾರಣೆ. ಇಲ್ಲಿ ಕೊಡುವ ಔಷಧ ಅಷ್ಟು ಮಾಡಬೇಕಾಗಿಲ್ಲ. ಮಗು ಕೊಸರಾಡದೆ ಮಲಗಿ, ಹೊಟ್ಟೆ ಮುಟ್ಟಿ ನೋಡಲು ಬಿಡುವಷ್ಟು ನೋವು ತಗ್ಗಿದರೆ ಸಾಕು.

‘ನಿವಾರಣೆ’ ಎಂದೊಡನೆ ಪೋಷಕರು ಕೇಳುವುದು ಒಂದೇ: “ನೋವೇ ಹೋಗಿಬಿಟ್ಟರೆ ಡಾಕ್ಟರಿಗೆ ರೋಗ ಗೊತ್ತಾಗೋದು ಹೇಗೆ?” ಇದು ಅವರು ಹುಟ್ಟಿಸಿಕೊಂಡ ಭಯವಲ್ಲ. ಸರ್ಜನ್ ನೋಡುವ ತನಕ ಮಾರ್ಫಿನ್‌ನಂಥ ಬಲವಾದ ನೋವಿನ ಔಷಧ ಕೊಡಬಾರದೆಂದು 20ನೆಯ ಶತಮಾನದ ಬಹುಕಾಲ ವೈದ್ಯರಿಗೇ ಪಾಠವಾಗಿತ್ತು. ಆ ಪಾಠ ಹುಟ್ಟಿದಾಗ ಸ್ಕ್ಯಾನಿಂಗ್ ಇರಲಿಲ್ಲ, ಕೈಯೇ ಕಣ್ಣು. 2000ದ ಈಚೆಗೆ ಮಕ್ಕಳಲ್ಲೇ ಪರೀಕ್ಷಿಸಿ ನೋಡಿದಾಗ, ತೂಕಕ್ಕೆ ತಕ್ಕಂತೆ ಮಾರ್ಫಿನ್ ಕೊಟ್ಟರೂ ರೋಗ ಗುರುತಿಸುವುದರಲ್ಲಿ ತಪ್ಪು ಹೆಚ್ಚಿದ್ದು ಕಾಣಲಿಲ್ಲ. ಅಪೆಂಡಿಸೈಟಿಸ್ (ಕರುಳಿಗೆ ಅಂಟಿದ ಅಪೆಂಡಿಕ್ಸ್ ಎಂಬ ಪುಟ್ಟ ಬಾಲದ ಉರಿಯೂತ) ಇರುವ ಮಗುವಿನ ಬಲಗಡೆಯ ಕೆಳಹೊಟ್ಟೆ ಒತ್ತಿದರೆ ಸಾಮಾನ್ಯವಾಗಿ ಆಮೇಲೂ ನೋಯುತ್ತದೆ. ಹೀಗಿರುವಾಗ ನಾವು ಆರಿಸಿದ ಒಂದು ಪದದಿಂದಾಗಿ ಯಾವ ಮಗುವೂ ಮೊಣಕಾಲು ಮಡಚಿಕೊಂಡು ನರಳುತ್ತ ಕಾಯಬಾರದು.

‘ಶಮನ’ ಅರ್ಥಕ್ಕೆ ಹತ್ತಿರ. ಕೋಪ ಶಮನವಾದರೆ ಕೋಪದ ಕಾರಣ ಹೋಗಿರುವುದಿಲ್ಲ, ಉರಿ ಮಾತ್ರ ತಗ್ಗಿರುತ್ತದೆ. ಆದರೆ ಅಳುವ ಮಗುವನ್ನು ಎತ್ತಿಕೊಂಡು ನಿಂತ ತಾಯಿಗೆ ಅದು ಪುಸ್ತಕದ ಮಾತು. ಕರಡು ನೋಡಿದ ಒಬ್ಬರು ‘ಅರಿವಳಿಕೆ’ ಎಂದು ತಿದ್ದಿದರು. ಅದು ಖಂಡಿತ ಬೇಡ. ಮಗುವಿನ ಅರಿವು ಅಳಿಯುವುದಿಲ್ಲ, ಎಚ್ಚರವಾಗಿಯೇ ಇರುತ್ತದೆ.

ಜ್ವರ ಇಳಿಯಿತು, ಬಾವು ಇಳಿಯಿತು ಎನ್ನುತ್ತೇವಲ್ಲ, ಹಾಗೆ ‘ನೋವಿಳಿಕೆ’ ಆದೀತೇ? ಅಥವಾ ‘ನೋವು ತಗ್ಗಿಸುವ ಔಷಧ’ ಎಂದು ಬಿಡಿಸಿಯೇ ಬರೆಯುವುದೇ? ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಜೊತೆಗೆ ಇನ್ನೊಂದು. ‘ಅಕ್ಯೂಟ್’ ಅನ್ನು ಎಲ್ಲರೂ ‘ತೀವ್ರ’ ಎನ್ನುತ್ತಾರೆ. ತೀವ್ರವೆಂದರೆ ಜೋರಾದದ್ದು, ವೈದ್ಯರ ಅಕ್ಯೂಟ್ ಎಂದರೆ ಶುರುವಾಗಿ ಹೆಚ್ಚು ದಿನವಾಗದ್ದು. ‘ದಿಢೀರ್’ ಕೂಡ ಸರಿಹೋಗದು: ಅಪೆಂಡಿಸೈಟಿಸ್ ನೋವು ಎಷ್ಟೋ ಸಲ ಹೊಕ್ಕುಳ ಸುತ್ತ ಮೆಲ್ಲಗೆ ಶುರುವಾಗಿ, ಗಂಟೆಗಳು ಕಳೆದ ಮೇಲೆ ಬಲಕ್ಕಿಳಿಯುತ್ತದೆ. ಸದ್ಯಕ್ಕೆ ‘ಈಗಷ್ಟೇ ಶುರುವಾದ ಹೊಟ್ಟೆನೋವು’ ಎಂದು ಬರೆದಿಟ್ಟಿದ್ದೇನೆ. ಒಂದೇ ಪದ ಇದ್ದರೆ ತಿಳಿಸಿ.