"ಬಸ್ ಬಂದಳು" ಅಂದ್ರೆ ನಗೋದ್ಯಾಕೆ?

ಪುಟ್ಟ, ನಿನ್ನ ಮೆಸೇಜ್ ನೋಡ್ದೆ ಕಣೋ. ಲಕ್ನೋದಿಂದ ಬಂದ ಹೊಸದ್ರಲ್ಲಿ ನಿನ್ನ ಹೆಂಡ್ತಿ ಹುಮ್ಮಸ್ಸಿನಿಂದ ಕನ್ನಡ ಮಾತಾಡ್ತಿದ್ಳು, ಗೃಹಪ್ರವೇಶದ ದಿನ ಎಲ್ರೂ ನಕ್ಕಮೇಲೆ ಬಾಯೇ ಬಿಡ್ತಿಲ್ಲ ಅಂತ ಬರ್ದಿದ್ದೀಯ. ಟೈಪ್ ಮಾಡಿದ್ರೆ ಉದ್ದ ಆಗತ್ತೆ, ಅದಕ್ಕೇ ದೊಡ್ಡಮ್ಮನ ವಾಯ್ಸು. ಗ್ರೂಪಲ್ಲಿರೋರೆಲ್ಲ ಕೇಳಿ.

ಅವತ್ತು ಅವಳು ಅಂದಿದ್ದು "ಬಸ್ ಬಂದಳು" ಅಂತ, ಅಲ್ವಾ? ಹಿಂದೀಲಿ ನಪುಂಸಕಲಿಂಗವೇ ಇಲ್ಲ ಕಣ್ರಪ್ಪ. ವಸ್ತುಗಳೂ ಒಂದೋ ಗಂಡು, ಇಲ್ಲಾ ಹೆಣ್ಣು. ಬಸ್ಸು ಅಲ್ಲಿ ಹೆಣ್ಣು. ಕನ್ನಡದಲ್ಲಿ ಹೆಣ್ಣಾದ್ರೆ "ಬಂದಳು" ಅನ್ನಬೇಕು ಅಂತ ಕಲಿತು, ನೆನಪಿಟ್ಕೊಂಡು, ಆ ಹುಡುಗಿ ಹಾಗಂದ್ಳು. ತಲೆಯೊಳಗೆ ಅಷ್ಟೆಲ್ಲ ಕೆಲಸ ನಡೆದಿದೆ, ನಮಗೆ ಕೇಳ್ಸಿದ್ದು ತಪ್ಪು ಮಾತ್ರ. ಇನ್ನು ಬಾಳೆಹಣ್ಣನ್ನ ಬಾಲೆಹಣ್ಣು ಅಂತಾಳೆ. ಅವಳಾಡೋ ಹಿಂದೀಲಿ ಳಕಾರ ಇಲ್ಲ, ನಾಲಿಗೆ ಹೊರಳೋಕೆ ಟೈಮ್ ಬೇಕು.

"ಬಸ್ ಬಂದಳು" ಅಂದ್ರೆ "ಓ, ಬಸ್ ಬಂತಾ? ಸೀಟ್ ಸಿಕ್ತಾ?" ಅನ್ನಿ. ಅಷ್ಟೇ ಸಾಕು. ಸರಿಯಾದ್ದು ಕಿವಿಗೆ ಬಿತ್ತು, ಮಾತೂ ಮುಂದಕ್ಕೆ ಹೋಯ್ತು. ಮಧ್ಯದಲ್ಲಿ ತಡೆದು ತಿದ್ದಬೇಡಿ, ಪದ ಹುಡುಕ್ತಿದ್ರೆ ಸ್ವಲ್ಪ ಕಾಯಿರಿ. ಅದಕ್ಕಿಂತ ಮುಖ್ಯ, ಅವಳು ತಡವರಿಸಿದ ತಕ್ಷಣ ನೀವು ಹಿಂದಿಗೋ ಇಂಗ್ಲಿಷ್‌ಗೋ ಹೋಗ್ಬೇಡಿ. ಉಪಕಾರ ಅಂದ್ಕೊಂಡು ಮಾಡ್ತೀರ, ಅವಳಿಗದು "ನಿನ್ ಕೈಲಿ ಆಗಲ್ಲ ಬಿಡು" ಅಂದಂಗೆ ಕೇಳತ್ತೆ.

ವರ್ಷಗಟ್ಟಲೆ ಇಲ್ಲಿದ್ದೂ ಕನ್ನಡ ಕಲೀದೋರ ಮೇಲೆ ಸಿಟ್ಟಾಗ್ತೀವಲ್ಲ, ಕಲಿಯೋಕೆ ಬಂದೋರನ್ನ ಹೇಗೆ ನಡೆಸ್ಕೋತೀವಿ ಅಂತಾನೂ ನೋಡ್ಕೋಬೇಕು. ಕಿಟ್ಟೆಲ್ 1853ರಲ್ಲಿ ಜರ್ಮನಿಯಿಂದ ಬಂದವರು. 1894ರಲ್ಲಿ ನಮಗೇ ನಿಘಂಟು ಮಾಡಿಕೊಟ್ರು. ಅವರ ಮೊದಮೊದಲ ತೊದಲು ಕನ್ನಡಾನ ಕೂತು ಕೇಳಿ, ಉತ್ತರ ಕೊಟ್ಟ ಜನ ಇದ್ದೇ ಇರ್ಬೇಕಲ್ವಾ?

ಗೃಹಪ್ರವೇಶದ ಆ ವಿಡಿಯೋ ಯಾರು ಗ್ರೂಪಿಗೆ ಹಾಕಿದ್ರೋ ಅವರು ಇವತ್ತೇ ತೆಗೀರಿ. ನಗೋ ಇಮೋಜಿ ಕೆಳಗೆ ತನ್ನದೇ ಮಾತು ನೋಡಿ ಆ ಮಗುವಿಗೆ ಹೇಗಾಗಿರ್ಬೇಡ!

ಪುಟ್ಟ, ನೀನು ಅವಳನ್ನ ದಿನಾ ಎಲ್ಲರ ಮುಂದೆ "ಮಾತಾಡು, ಮಾತಾಡು" ಅಂತ ಒತ್ತಾಯ ಮಾಡ್ಬೇಡ. ಮೊದಲು ಒಬ್ಬರ ಹತ್ರ ಧೈರ್ಯ ಬರ್ಲಿ. ತರಕಾರಿ ಅಂಗಡೀಲಿ ಅವರು ಹಿಂದೀಲಿ ಉತ್ತರ ಕೊಟ್ರೆ "ಕನ್ನಡದಲ್ಲೇ ಹೇಳಿ, ಕಲೀತಿದೀನಿ" ಅನ್ನೋ ಒಂದು ವಾಕ್ಯ ಬಾಯಿಪಾಠ ಮಾಡ್ಸು, ತುಂಬ ಕೆಲಸಕ್ಕೆ ಬರತ್ತೆ. ಭಾನುವಾರ ನಮ್ಮನೇಲಿ ಚಟ್ನಿಪುಡಿ ಮಾಡ್ತಿದೀನಿ, ಬೆಳಿಗ್ಗೆ ತಿಂಡಿಗೇ ಕಳ್ಸು. ನೀನು ಬಿಟ್ಟು ಹೋಗು, ಸಂಜೆ ಬಂದ್ರೆ ಸಾಕು. ನೀನಿದ್ರೆ ಅವಳು ನಿನ್ನ ಮುಖ ನೋಡಿ ಹಿಂದೀಗೇ ಹೋಗ್ತಾಳೆ.