ನಂದಿ ಬೆಟ್ಟ ಮೊದಲ ಸಲ ಸೈಕಲ್‌ನಲ್ಲಿ ಹತ್ತೋರಿಗೆ ಏನು ಹೇಳ್ತೀರಿ?

ವಯಸ್ಸು 43, ಮನೆ ಯಲಹಂಕ. ಗೇರ್ ಇರುವ ಹೈಬ್ರಿಡ್ ಸೈಕಲ್ ಇದೆ. ಭಾನುವಾರ 40 ಕಿ.ಮೀ. ಆರಾಮಾಗಿ ಓಡಿಸುತ್ತೇನೆ, ಆದರೆ ಏರು ಅಂದರೆ ನನಗೆ ಗೊತ್ತಿರುವುದು ಫ್ಲೈಓವರ್ ಮಾತ್ರ. ಮುಂದಿನ ತಿಂಗಳು ನಂದಿ ಹತ್ತಬೇಕು ಅಂತಿದ್ದೇನೆ. ಹೊಸ ಸೈಕಲ್ ಬೇಕಾ? ಹತ್ತಿದವರು ಹೇಳಿ.

ದೇವನಹಳ್ಳಿ ಕಡೆಯವನು:
ಸರ್, ನನ್ನ ಮೊದಲ ಸಲದ ಕಥೆ ಕೇಳಿ. ಕಾರಹಳ್ಳಿ ಕ್ರಾಸ್‌ವರೆಗೆ ಜೊತೆಗಿದ್ದ ಹುಡುಗರ ಹಿಂದೆಯೇ ಜೋರಾಗಿ ತುಳಿದುಕೊಂಡು ಹೋದೆ, ಬೆಟ್ಟದ ಬುಡದಲ್ಲಿ ಏರು ಶುರುವಾದಾಗಲೂ ಅದೇ ಜೋಶ್, ಎರಡು ಕಿ.ಮೀ. ಆಗುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ತಿರುವಿನ ಮೋಟುಗೋಡೆ ಮೇಲೆ ಕೂತುಬಿಟ್ಟೆ. ಪಕ್ಕದಲ್ಲೇ ಒಬ್ಬರು, ಅರವತ್ತು ದಾಟಿರಬೇಕು, ಹಳೇ ಸೈಕಲ್‌ನಲ್ಲಿ ಸುಮ್ನೆ ತುಳಿಯುತ್ತಾ ಹೋದರು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತು ನಾನು ವಾಪಸ್.

ಏರು ಇರುವುದು ಸುಮಾರು 7–8 ಕಿ.ಮೀ., ಹತ್ತುವ ಎತ್ತರ 450 ಮೀಟರ್ ಆಸುಪಾಸು. ಮೊದಲರ್ಧ ಮೋಸ. ಇಷ್ಟೇನಾ ಅನ್ನಿಸುತ್ತೆ. ಅಲ್ಲಿ ಎಷ್ಟು ನಿಧಾನ ಹೋದರೂ ನಷ್ಟ ಇಲ್ಲ. ಪಕ್ಕದವರ ಜೊತೆ ಮಾತಾಡುವಷ್ಟು ಉಸಿರು ಇರಬೇಕು, ಇಲ್ಲದಿದ್ದರೆ ಜಾಸ್ತಿ ಆಯ್ತು ಅಂತಲೇ ಲೆಕ್ಕ. ಕೊನೆಯ ಒಂದೂವರೆ ಎರಡು ಕಿ.ಮೀ.ಗೆ ಕಾಲು ಉಳಿಸಿಕೊಳ್ಳಿ. ರಸ್ತೆ ನಿಜವಾಗಿ ಕಡಿದಾಗುವುದು ಅಲ್ಲಿ. ಮೇಲಿಂದ ಇಳಿದು ಬರುವವರೆಲ್ಲ "ಇನ್ನೊಂದೇ ತಿರುವು" ಅಂತಾರೆ. ನಂಬಬೇಡಿ.

ಗೇರ್ ಹುಚ್ಚು ಇರುವವನು:
ಹೊಸ ಸೈಕಲ್ ಬೇಡವೇ ಬೇಡ. ಲೆಕ್ಕ ನೋಡಿ: ನೀವು, ಸೈಕಲ್ ಸೇರಿ 90 ಕೆ.ಜಿ. ಇದ್ದೀರಿ ಅಂದುಕೊಳ್ಳಿ. 1 ಕೆ.ಜಿ. ಹಗುರ ಆದರೆ, ಒಂದು ಗಂಟೆ ಹಿಡಿಯುವ ಏರಿನಲ್ಲಿ ಉಳಿಯುವುದು ಅರ್ಧ ನಿಮಿಷಕ್ಕೆ ಸ್ವಲ್ಪ ಮೇಲೆ. ಅದಕ್ಕೆ ಲಕ್ಷ ಸುರಿಯುತ್ತೀರಾ? ಹೈಬ್ರಿಡ್‌ನಲ್ಲಿ ಪೆಡಲ್ ಹತ್ತಿರ ಚೈನ್ ಕೂರುವ ಹಲ್ಲುಚಕ್ರ ಮೂರು ಇದ್ದರೆ ಅದರಲ್ಲಿ ಚಿಕ್ಕದಕ್ಕೆ, ಹಿಂದೆ ದೊಡ್ಡದಕ್ಕೆ ಚೈನ್ ಹಾಕಿ, ಅಷ್ಟೇ. ರೋಡ್ ಬೈಕ್ (ತೆಳು ಟೈರಿನ ರೇಸ್ ಸೈಕಲ್) ಇರುವವರಿಗಿಂತ ನಿಮಗೇ ಇದು ಸುಲಭ. ಹಿಂದಿನ ಚಕ್ರಕ್ಕೆ ದೊಡ್ಡದೆಂದರೆ 28 ಹಲ್ಲಿನ ಗೇರ್ ಹಾಕಿಕೊಂಡು ಮಂಡಿ ನೋವು ಮಾಡಿಕೊಂಡವನು ನಾನು, ಆಮೇಲೆ 32ಕ್ಕೆ ಬದಲಾಯಿಸಿದೆ. ಒಂದೇ ಎಚ್ಚರ, ಗೇರ್ ಅನ್ನು ಏರಿಗೆ ಮುಂಚೆಯೇ ಇಳಿಸಿ. ಪೂರ್ತಿ ಭಾರ ಹಾಕಿ ತುಳಿಯುವಾಗ ಬದಲಾಯಿಸಿದರೆ ಚೈನ್ ಕಳಚುತ್ತೆ.

ಇನ್ನೊಂದು, ಎಡ ತಿರುವುಗಳಲ್ಲಿ ಒಳಗಡೆ ಅಂಚಿನ ಏರು ಗೋಡೆಯ ಹಾಗೆ ಕಡಿದಾಗಿರುತ್ತೆ. ಹಿಂದೆ ಮುಂದೆ ಗಾಡಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಸ್ವಲ್ಪ ಹೊರಗಡೆಯಿಂದ ತಗೊಳ್ಳಿ.

ಮಲ್ಲೇಶ್ವರದಿಂದ ಒಬ್ಬಳು:
ಎಲ್ಲರೂ ಹತ್ತುವುದನ್ನೇ ಹೇಳ್ತಿದ್ದೀರಲ್ಲ, ಇಳಿಯೋದು ಯಾರು ಹೇಳ್ತೀರಿ? ನಾನು ಹತ್ತುವಾಗ ಒಂದು ಸಲವೂ ಕಾಲು ಕೆಳಗಿಡಲಿಲ್ಲ, ಇಳಿಯುವಾಗ ಬಿದ್ದೆ. ಡಿಸೆಂಬರ್, ಮಂಜಿಗೆ ರಸ್ತೆ ಒದ್ದೆ, ಬೆವರಿಗೆ ಒದ್ದೆಯಾದ ಬಟ್ಟೆಯಲ್ಲಿ ಗಾಳಿ ಹೊಡೆದು ಬೆರಳು ಮರಗಟ್ಟಿತ್ತು. ಬ್ರೇಕ್ ಹಿಡಿದೆ ಅಂದುಕೊಂಡೆ, ಹಿಡಿದೇ ಇರಲಿಲ್ಲ. ಮೊಣಕೈ ತರಚಿತು, ಪುಣ್ಯಕ್ಕೆ ಎದುರಿಂದ ಕಾರು ಬರಲಿಲ್ಲ. ತೆಳ್ಳಗಿನ ಜಾಕೆಟ್ ಮಡಚಿ ಜೇಬಲ್ಲಿ ಇಟ್ಟುಕೊಳ್ಳಿ. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನ ಮಧ್ಯೆ ಬ್ರೇಕ್ ಒತ್ತಬೇಡಿ. ಹೊರಡುವ ಹಿಂದಿನ ದಿನ ಬ್ರೇಕ್ ರಬ್ಬರ್ ನೋಡಿಕೊಳ್ಳಿ ಸರ್, ದಯವಿಟ್ಟು.

ಚಿಕ್ಕಬಳ್ಳಾಪುರದವನು:
ಮಳೆಗಾಲದಲ್ಲಿ ಬರುವುದಾದರೆ ವಿಚಾರಿಸಿಕೊಂಡು ಬನ್ನಿ. 2021ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ದಾರಿಯೇ ಬಂದ್ ಆಗಿತ್ತು. ವೀಕೆಂಡ್ ನಿಯಮಗಳೂ ಬದಲಾಗ್ತಾ ಇರುತ್ತವೆ, ವಾರದ ದಿನ ರಜೆ ಹಾಕಿದರೆ ಒಳ್ಳೇದು, ಕಾರು ಬೈಕು ಕಾಟವೂ ಕಮ್ಮಿ. ತಿನ್ನಲು ಚಿಕ್ಕಿ, ಬಾಳೆಹಣ್ಣು ಸಾಕು. ಆದರೆ ಮೇಲೆ ಹೋಗಿ ಜೇಬಿಂದ ತೆಗೆಯಬೇಡಿ, ಕೋತಿಗಳಿಗೆ ಕವರ್ ಸದ್ದು ಚೆನ್ನಾಗಿ ಗೊತ್ತು. ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ ಕಲ್ಯಾಣಿ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರಿ. ಮನೆಗೆ ವಾಪಸ್ ತುಳಿಯೋದು ಬಾಕಿ ಇದೆ ಅಲ್ವಾ, ಬಿಸಿಲಲ್ಲಿ.

ಕೇಳಿದವನೇ, ಐದು ವಾರ ಆದಮೇಲೆ:
ಹೋಗಿ ಬಂದೆ. ಹಳೇ ಸೈಕಲ್ಲೇ. 1 ಗಂಟೆ 12 ನಿಮಿಷ, ಎರಡು ಸಲ ನಿಂತೆ, ಕೊನೇ ಕಡಿದಾದ ಜಾಗದಲ್ಲಿ ಐವತ್ತು ಹೆಜ್ಜೆ ತಳ್ಳಿಕೊಂಡು ಹೋದೆ. ಬೆವರು ಮೂಗಿನ ತುದಿಯಿಂದ ಹ್ಯಾಂಡಲ್ ಮೇಲೆ ಟಪ್ ಟಪ್ ಬೀಳುವುದನ್ನೇ ಎಣಿಸುತ್ತಿದ್ದೆ. ಜಾಕೆಟ್ ಒಯ್ದಿದ್ದೆ ಅಕ್ಕ, ಥ್ಯಾಂಕ್ಸ್. ಚಿಕ್ಕಿ ಮಾತ್ರ ಕೋತಿ ಪಾಲು.